ಅಲುಗದ ಗೋಡೆ

ತೆಲುಗು ಸೀಮೆಯ ಮಾದಾಪುರದ ಕಂಪನಿಯಲ್ಲಿ ನಾನು ಬರೆದ ಪ್ರೋಗ್ರಾಂ ಎದೆಯ ಸ್ಕ್ಯಾನ್ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ, ಹೃದಯದ ಗೋಡೆ ಎಲ್ಲಿ ಎಷ್ಟು ಅಲುಗುತ್ತದೆಂದು ಲೆಕ್ಕ ಹಾಕುತ್ತಿತ್ತು. ಅಲುಗುವ ಕಡೆ ಹಸಿರು, ಅಲುಗದ ಕಡೆ ಕೆಂಪು.

ಅದನ್ನು ಪರೀಕ್ಷಿಸಲು ಆಸ್ಪತ್ರೆಗೆ ಹೋದ ದಿನ ಮಂಚದ ಮೇಲಿದ್ದವನು ರಾಯಚೂರು ಕಡೆಯ, ಮನೆ ಕಟ್ಟುವ ಗೌಂಡಿ ಬಸಣ್ಣ. ಹಿರಿಯ ಡಾಕ್ಟರು ಸ್ಕ್ಯಾನ್ ನೋಡಿ, "ಎಲ್ಲ ನಾರ್ಮಲ್, ಮನೆಗೆ ಹೋಗಬಹುದು" ಎಂದರು. ನನ್ನ ಪರದೆಯಲ್ಲಿ ಮಾತ್ರ ಗೋಡೆಯ ಕೆಳಭಾಗಕ್ಕೆ ಒಂದು ಕೆಂಪು ಪಟ್ಟೆ ಬಂದಿತ್ತು.

"ಸರ್, ಇಲ್ಲಿ ಅಲುಗುತ್ತಿಲ್ಲ."

"ನೀವು ಎಂಜಿನಿಯರ್ ಅಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದರು.

ಆದರೂ, "ಇನ್ನೊಂದು ಕಡೆಯಿಂದ ಒಮ್ಮೆ ನೋಡಿ ಸರ್" ಎಂದೆ.

"ನೋಡ್ರಿ ಸಾಹೇಬ್ರ," ಎಂದ ಬಸಣ್ಣ. "ಮೆಟ್ಟಿಲು ಹತ್ತಿದ್ರ ಎದಿ ಹಿಡೀತೈತಿ."

ಡಾಕ್ಟರು ತಾವೇ ಮತ್ತೆ ಸ್ಕ್ಯಾನ್ ಮಾಡಿದರು. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿ, "ನಿಮ್ಮದೇ ಸರಿ" ಎಂದರು. ರಕ್ತನಾಳ ಕಟ್ಟಿಕೊಂಡಿತ್ತು, ಆ ವಾರವೇ ತೆರೆದರು.

ಚೇತರಿಸಿಕೊಂಡ ಬಸಣ್ಣನನ್ನು ನೋಡಲು ಎದೆ ಉಬ್ಬಿಸಿಕೊಂಡೇ ಹೋದೆ. ನನ್ನ ಕೈ ಹಿಡಿದು, "ನಿಮ್ದು ಕಂಪ್ಯೂಟರ್ ಕೆಲಸ ಅಂತಲ್ರಿ? ಈ ಮೊಬೈಲ್ ಒಂದೀಟು ನೋಡ್ರಿ, ಭಾಳ ದಿನ ಆತು, ರಿಂಗ್ ಆಗವಲ್ದು" ಎಂದ.

ಅರ್ಧ ಗಂಟೆ ಒದ್ದಾಡಿದೆ. ಅದು ಮಾತ್ರ ನನ್ನಿಂದ ಆಗಲಿಲ್ಲ.