ಹೂವು ಹೋದ ದಾರಿ

ಕಳೆದ ವಾರ ನನ್ನ ಮೊಬೈಲಿಗೆ ಒಂದು ಜಾಹೀರಾತು ಬಂತು. ಅಂಡಮಾನಿನ ಒಂದು ದ್ವೀಪದ ಬೀಚಿನಲ್ಲಿ ನಮ್ಮದೇ ಕುಟುಂಬ ಹಲ್ಲು ಕಿರಿದುಕೊಂಡು ನಿಂತಿದೆ: ಅಮ್ಮ, ಅಣ್ಣ, ಅತ್ತಿಗೆ, ನಾನು, ಹದಿನಾಲ್ಕು ವರ್ಷದ ನನ್ನ ಮಗಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಶಾಂತ ಕಡಲು, ಕುಟುಂಬಗಳಿಗೆ ಸುರಕ್ಷಿತ' ಎಂದಿತ್ತು. ಕಳಿಸಿದ್ದು ಆರ್.ಟಿ. ನಗರದ ಟ್ರಾವೆಲ್ಸಿನವರು, ಅಂದರೆ ನಮ್ಮನ್ನು ಕರೆದುಕೊಂಡು ಹೋಗಿದ್ದವರೇ. ಆ ಫೋಟೊ ತೆಗೆದ ಕಾಲು ಗಂಟೆಗೆಲ್ಲ ಅದೇ ನೀರು ನನ್ನ ಮಗಳನ್ನು ಎಳೆದುಕೊಂಡು ಹೋಗಿತ್ತು. ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ನಾವು ಯಲಹಂಕದ ಪಕ್ಕದ ಕೋಗಿಲಿನ ಹಳೇ ಮನೆತನದವರು. ನಮ್ಮ ಪೈಕಿ ಯಾರಿಗೂ ಸಮುದ್ರದ ಗಂಧಗಾಳಿ ಇಲ್ಲ. ಗೊತ್ತಿದ್ದದ್ದು ಕೆರೆ, ಬಾವಿ. ಅಣ್ಣ ತೋಟದ ಬಾವಿಯಲ್ಲಿ ಈಜು ಕಲಿತು, ಆಮೇಲೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಓಣಿಯ ಮಕ್ಕಳನ್ನೆಲ್ಲ ನೀರಿಗೆ ತಳ್ಳಿ ಕಲಿಸಿದವನು. ನನ್ನನ್ನೂ ತಳ್ಳಿದ್ದ. ಈಗ ಆ ಬಾವಿ ಮುಚ್ಚಿ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ, ಆದರೆ ಅಣ್ಣನ ಈಜಿನ ಜಂಬ ಮಾತ್ರ ಹಾಗೇ ಉಳಿದಿದೆ. ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಸುಸ್ತಾದರೆ ಮೆಟ್ಟಿಲ ಕಡೆಗೆ ನೇರವಾಗಿ ಕೈ ಬೀಸಬೇಕು. ಅವನು ಕಲಿತದ್ದೂ ಕಲಿಸಿದ್ದೂ ಅಷ್ಟೇ.

ಆ ದಿನ ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಇದೇನೆಂದು ಜೊತೆಗೆ ಬಂದಿದ್ದ ಟ್ರಾವೆಲ್ಸಿನ ಹುಡುಗನನ್ನು ಕೇಳಿದೆ. "ಅದು ದಿನಾ ಇರತ್ತೆ ಮೇಡಂ, ತಲೆ ಕೆಡಿಸ್ಕೋಬೇಡಿ" ಎಂದು ಅವನು ಫೋನು ನೋಡುತ್ತಾ ಕೂತ. ಪಕ್ಕದಲ್ಲೇ ನೀರಿಗೆ ಇಳಿಯಬೇಡಿ ಎಂಬ ಬೋರ್ಡೂ ಇತ್ತು. ನಾನು ಯಲಹಂಕದ ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಓದಲು ಬಾರದವಳೇನಲ್ಲ. ಆದರೂ ಆ ಬೋರ್ಡಿನ ಕೆಳಗೆ ಚಪ್ಪಲಿ ಬಿಟ್ಟು ಮುಂದೆ ಹೋದೆ. ಬೇರೆಯವರನ್ನು ಬೈಯುವಾಗೆಲ್ಲ ನನಗೆ ನನ್ನ ಚಪ್ಪಲಿ ನೆನಪಾಗಿ ಇನ್ನಷ್ಟು ಸಿಟ್ಟು ಬರುತ್ತದೆ.

ಹೊಸ ನೀರಿಗೆ ಇಳಿಯುವ ಮುಂಚೆ ಗಂಗಮ್ಮನಿಗೆ ಅರಿಶಿನ, ಕುಂಕುಮ, ಹೂವು ಒಪ್ಪಿಸುವುದು ನಮ್ಮ ಮನೆಯ ಪದ್ಧತಿ. ಅಮ್ಮ ಇದಕ್ಕಾಗಿಯೇ ಊರಿಂದ ಸೇವಂತಿಗೆ ತಂದಿದ್ದಳು. ಮೊದಲ ಸಲ ಬಿಟ್ಟಾಗ ಅಲೆ ಹೂವನ್ನು ವಾಪಸ್ ತಂದು ಅವಳ ಕಾಲಿಗೇ ಹಾಕಿತು. ಎರಡನೇ ಸಲವೂ ಹಾಗೇ ಆಯಿತು. ತಾಯಿ ಒಪ್ಪುತ್ತಿಲ್ಲ ಎಂದು ಅಮ್ಮನ ಮುಖ ಸಣ್ಣದಾಯಿತು. ಆಗ ಅಣ್ಣ ಇಪ್ಪತ್ತು ಹೆಜ್ಜೆ ಆಚೆ ಒಂದು ಜಾಗ ಹುಡುಕಿದ. ಎರಡೂ ಪಕ್ಕದಲ್ಲಿ ಅಲೆಗಳು ಮುರಿದು ನೊರೆಯಾಗುತ್ತಿದ್ದರೆ ಅಲ್ಲಿ ಮಾತ್ರ ಅಲೆಯೇ ಇರಲಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಕೆರೆಯ ಹಾಗೆ ಸುಮ್ಮನಿತ್ತು. ಅಮ್ಮ ಅಲ್ಲಿ ಹೂವು ಬಿಟ್ಟಳು. ಯಾರೋ ದಾರ ಕಟ್ಟಿ ಎಳೆದ ಹಾಗೆ ಅದು ನೇರವಾಗಿ ಒಳಕ್ಕೆ ಹೋಯಿತು. "ತಾಯಿ ತಕ್ಕೊಂಡ್ಳು. ಇಲ್ಲೇ ಇಳೀರಿ" ಎಂದು ಅಮ್ಮ ಕೈಮುಗಿದಳು. ಎಲ್ಲರೂ ಖುಷಿಯಿಂದ ಟ್ರಾವೆಲ್ಸಿನ ಹುಡುಗನ ಕೈಲಿ ಫೋಟೊ ತೆಗೆಸಿಕೊಂಡೆವು.

ಅಣ್ಣ ನನ್ನ ಮಗಳ ಕೈ ಹಿಡಿದು ಸೊಂಟದವರೆಗೆ ಇಳಿದ. ನಾನು ಮೊಣಕಾಲುದ್ದ ನೀರಿನಲ್ಲಿದ್ದೆ. ನನ್ನ ಕಾಲಡಿಯ ಮರಳು ಸರಿಯಿತು, ಅಷ್ಟರಲ್ಲಿ ಅವರಿಬ್ಬರೂ ದೂರವಾಗಿದ್ದರು. ಅಣ್ಣ ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯನ್ನು ದಡದ ಕಡೆಗೇ ಬೀಸುತ್ತಿದ್ದ, ಬಾವಿಯಲ್ಲಿ ಕಲಿತ ಹಾಗೆ. ಎಷ್ಟು ಬೀಸಿದರೂ ಒಂದು ಗೇಣು ಮುಂದೆ ಬರಲಿಲ್ಲ, ಹಿಂದಕ್ಕೇ ಹೋದ. ಆಮೇಲೆ ಅವಳ ಕೈ ಬಿಟ್ಟ. ಅದು ಜಾರಿದ್ದಲ್ಲ. ಅವಳು ಅವನ ತೋಳನ್ನು ತಬ್ಬಿಕೊಂಡಿದ್ದಳು, ಅವನು ಬಿಡಿಸಿಕೊಂಡ. ನಾನು ಕಣ್ಣಾರೆ ನೋಡಿದೆ.

ಸೀಟಿ ಊದುತ್ತಾ ಬೀಚಿನ ಇಬ್ಬರು ಗಾರ್ಡುಗಳು ತೇಲುವ ಕೆಂಪು ಟ್ಯೂಬುಗಳನ್ನು ಹಿಡಿದು ಓಡಿಬಂದು ನೀರಿಗೆ ಬಿದ್ದರು. ಒಬ್ಬ ಮಗಳನ್ನು ಹಿಡಿದ, ಇನ್ನೊಬ್ಬ ಅಣ್ಣನನ್ನು. ಅವರು ದಡಕ್ಕೆ ನೇರವಾಗಿ ಬರಲೇ ಇಲ್ಲ. ದಡದುದ್ದಕ್ಕೂ ಅಡ್ಡಕ್ಕೆ ಸಾಗಿ, ನೊರೆ ಇರುವ ಕಡೆ ಸೇರಿಕೊಂಡು, ಅಲೆಯ ಜೊತೆಗೆ ಬಂದರು. ಆಮೇಲೆ ಒಬ್ಬ ಗಾರ್ಡ್ ಹಿಂದಿಯಲ್ಲಿ ಬೈಯುತ್ತಲೇ ಬಿಡಿಸಿ ಹೇಳಿದ. ಅಲೆಗಳು ತಂದು ಸುರಿದ ನೀರೆಲ್ಲ ಸಮುದ್ರಕ್ಕೆ ವಾಪಸ್ ಹೋಗುವುದೇ ಆ ಸುಮ್ಮನಿರುವ ಜಾಗದಿಂದ. ಸಿಕ್ಕಿಕೊಂಡರೆ ಅದರ ಎದುರಿಗೆ ಈಜಬಾರದು. ತೇಲಿಕೊಂಡು ಕೈ ಎತ್ತಬೇಕು, ಶಕ್ತಿ ಇದ್ದರೆ ಅಡ್ಡಕ್ಕೆ ಹೋಗಬೇಕು. ಎರಡು ನಿಮಿಷದ ಮಾತು. ಇದನ್ನು ಆರ್.ಟಿ. ನಗರದಲ್ಲೇ ಹೇಳಿ ಕಳಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಬೆಳಗಿನ ತಿಂಡಿಗೆ ಇಡ್ಲಿಯೋ ಪೂರಿಯೋ ಎಂದು ಮೂರು ಸಲ ಫೋನು ಮಾಡಿ ಕೇಳಿದ್ದ ಜನ ಅವರು.

ಊರಿಗೆ ಬಂದ ಮೇಲೆ ಅಣ್ಣ ನೆಂಟರ ಮನೆಯ ಊಟದ ಪಂಕ್ತಿಗಳಲ್ಲಿ ಕತೆ ಶುರುಮಾಡಿದ. ಅವನ ಕತೆಯಲ್ಲಿ ಗಾರ್ಡುಗಳು ಕೊನೆಗೆ ಸುಮ್ಮನೆ ಕೈ ಜೋಡಿಸಲು ಬರುತ್ತಾರೆ, ಮಗುವನ್ನು ಎಳೆದು ತರುವುದು ಅವನೇ. ಕೇಳಿದವರು ಸೋದರಮಾವ ಅಂದರೆ ಹೀಗಿರಬೇಕು ಎನ್ನುತ್ತಾರೆ. ನಾನು ಅವನ ಮಾನ ಕಾಯಲು ಬಾಯಿಗೆ ಬೀಗ ಹಾಕಿಕೊಂಡೆ. ಮಗಳು ಒಂದೇ ಒಂದು ಸಲ, "ಅಮ್ಮ, ಮಾವನ ಕೈ ಜಾರ್ತಾ, ಬಿಟ್ರಾ?" ಎಂದು ಕೇಳಿದಳು. ಜಾರಿತು ಎಂದೆ. ಸರಿ ಎಂದಳು. ಅಂದಿನಿಂದ ಅವಳು ಮಾವನ ಮನೆಯ ಮೆಟ್ಟಿಲು ಹತ್ತಿಲ್ಲ.

ಜಾಹೀರಾತು ಬಂದ ಮಾರನೇ ದಿನ ರಜೆ ಹಾಕಿ ಟ್ರಾವೆಲ್ಸಿನ ಆಫೀಸಿಗೆ ಹೋದೆ. ಕೌಂಟರಿನ ಮುಂದೆ ಬಾಗಲಗುಂಟೆಯ ಗಂಡ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ದ್ವೀಪಕ್ಕೆ ಬುಕಿಂಗ್ ಮಾಡಿಸುತ್ತಿದ್ದರು. ಮೇಜಿನ ಮೇಲೆ ನಮ್ಮ ಫೋಟೊ ಇತ್ತು. ಅದನ್ನು ತೆಗೆಯಿರಿ, ಆ ಜಾಗ ಅಪಾಯದ್ದು ಎಂದು ನಾನು ಜೋರಾಗಿಯೇ ಹೇಳಿದೆ. ಮಾಲೀಕ ನಗುತ್ತಾ ನಾನು ಗಾಬರಿಯ ಹೆಂಗಸು ಎಂಬಂತೆ ಅವರಿಗೆ ಸಮಾಧಾನ ಹೇಳಿದ. ನಿಮ್ಮ ಅಣ್ಣನವರನ್ನೇ ಕೇಳೋಣ ಎಂದು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಅಂತಾದ್ದೇನೂ ಆಗ್ಲಿಲ್ಲ ಸಾರ್" ಎಂದ ನನ್ನ ಅಣ್ಣ. "ಎಣ್ಮಕ್ಳಲ್ವಾ, ಒಸಿ ಎದ್ರುಕೊಂಡ್ರು ಅಷ್ಟೇ."

ಆ ಹೆಂಗಸು ನನ್ನಿಂದ ಮುಖ ತಿರುಗಿಸಿ ಬುಕಿಂಗ್ ಫಾರಂ ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಅವನ ಮಾನ ಕಾಯ್ದದ್ದು ಇದಕ್ಕಾಗಿಯೇನು? ಫೋನಿನ ಹತ್ತಿರ ಬಗ್ಗಿದೆ.

"ಅಣ್ಣ, ನೀನು ನನ್ನ ಮಗಳ ಕೈ ಬಿಟ್ಟೆ. ಜಾರ್ಲಿಲ್ಲ, ಬಿಡಿಸ್ಕೊಂಡೆ. ನಾನು ನೋಡ್ದೆ. ಇಲ್ಲಿ ಮಗು ಎತ್ಕೊಂಡು ಕೂತಿದಾರೆ, ಇವರಿಗಾದ್ರೂ ನಿಜ ಹೇಳು."

ಮಾಲೀಕ ಕಟ್ ಮಾಡಲು ಕೈ ಚಾಚಿದ. ನಾನು ಫೋನನ್ನು ಕೈಗೆತ್ತಿಕೊಂಡೆ.

"ಔದು, ಬಿಟ್ಟೆ ಕಣಮ್ಮ" ಎಂದ. "ಇಷ್ಟು ಈಜು ಗೊತ್ತಿದ್ದೋನು, ನಾನೇ ಬಿಟ್ಟೆ. ಅವ್ರು ಮಗೀನ ಅಲ್ಲಿ ಇಳಿಸೋದು ಬ್ಯಾಡ ಅನ್ನು."

ಹೆಂಗಸು ಪೆನ್ನು ಕೆಳಗಿಟ್ಟಳು. ಅಣ್ಣ ಇನ್ನೂ ಫೋನಿನಲ್ಲೇ ಇದ್ದ.

"ನಿನ್ ಮಗ್ಳಿಗೆ ಗೊತ್ತಾ?" ಎಂದು ಕೇಳಿದ.

ಗೊತ್ತು ಎಂದೆ.