ಒಂದೂಕಾಲಿಗೆ ಆಫ್ ಆಗುವ ಕಂಪ್ಯೂಟರ್

ಮೂರು ದಿನಗಳಿಂದ ನನ್ನ ತಮ್ಮನ ಕಂಪ್ಯೂಟರ್ ಮಧ್ಯಾಹ್ನ ಸರಿಯಾಗಿ ಒಂದೂಕಾಲಿಗೆ ತಾನಾಗಿ ಆಫ್ ಆಗುತ್ತಿತ್ತು, ಗೆಳೆಯರೇ. ಆಗ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ, ಕರೆಂಟೂ ಹೋಗಿರುತ್ತಿರಲಿಲ್ಲ. ತಮ್ಮ ತೀರಿಕೊಂಡು ತಿಂಗಳಾಯಿತು; ಅಲ್ಲಿಂದ ಮುಚ್ಚಿಯೇ ಇದ್ದ ಅದನ್ನು ನಾನು ಆನ್ ಮಾಡಿದ್ದು ಮೂರು ದಿನದ ಹಿಂದಷ್ಟೇ. ಅವನು ಎಡಿಟ್ ಮಾಡಿಟ್ಟ ಕೊನೆಯ ಮದುವೆ ವಿಡಿಯೋ ತಯಾರಾಗಲು ಆ ಹಳೆಯ ಕಂಪ್ಯೂಟರ್ ಮೂವತ್ತು ಗಂಟೆ ಬಿಡದೆ ಓಡಬೇಕು. ಭಾನುವಾರ ಮದುಮಗ ದುಬೈಗೆ ಹೊರಡುತ್ತಾನೆ. ಅಷ್ಟರೊಳಗೆ ಕೊಟ್ಟರೆ ತಮ್ಮನ ಮಾತು ಉಳಿಯುತ್ತದೆ.

“ಅವನಿಗೆ ಬಡಿಸದೆ ನೀನು ಉಣ್ತೀಯಲ್ಲ, ಮತ್ತೆ ಆಫ್ ಆಗದೆ ಇರ್ತದಾ?” ಎಂದು ಚಿಕ್ಕಮ್ಮ ಇಂದು ಒಂದು ಗಂಟೆಗೇ ಪಕ್ಕದ ಕೋಣೆಯಲ್ಲಿ ಎಲೆ ಹಾಕಿ, ತೀರಿಕೊಂಡ ತಮ್ಮನಿಗೆ ಬಡಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಸತ್ತವರು ಉಣ್ಣುವಾಗ ಒಳಗೆ ಇಣುಕಬಾರದಂತೆ.

ಮೆಲ್ಕಾರಿನಿಂದ ಬಂದ ರಿಪೇರಿಯ ಹಮೀದಣ್ಣ ಬೆಳಿಗ್ಗೆಯೇ ಫ್ಯಾನು ಬಿಚ್ಚಿ ಒರೆಸಿ, ಕೆಲಸ ಮತ್ತೆ ಶುರು ಮಾಡಿ ಕಾಯುತ್ತಿದ್ದರು. “ಬಿಸಿಯಾಗಿ ಆಫ್ ಆಗುವುದಾದರೆ ದಿನಾ ಒಂದೇ ನಿಮಿಷಕ್ಕೆ ಆಗ್ಲಿಕ್ಕಿಲ್ಲ ಅಕ್ಕ,” ಎನ್ನುತ್ತಾ ಪರದೆಯಲ್ಲಿ ಏನೋ ಹುಡುಕುತ್ತಿದ್ದವರ ಕೈ ನಿಂತಿತು. “ಇದು ಹಾಳಾದದ್ದಲ್ಲ. ದಿನಾ ಒಂದೂಕಾಲಿಗೆ ಆಫ್ ಆಗ್ಲಿಕ್ಕೆ ನಿಮ್ಮ ತಮ್ಮನೇ ಟೈಮ್ ಇಟ್ಟದ್ದು. ಅದಕ್ಕೊಂದು ಹೆಸರೂ ಉಂಟು, ‘ಅಕ್ಕ ಊಟಕ್ಕೆ ಕರೀತಾಳೆ’ ಅಂತ.”

“ನಾನು ಹೇಳಿದ್ದೂ ಅದೇ ಅಲ್ವಾ?” ಎಂದರು ಚಿಕ್ಕಮ್ಮ.

“ಅಳಿಸುವುದಾ ಅಕ್ಕ?” ಒಂದು ಗಂಟೆ ಹನ್ನೆರಡು ನಿಮಿಷವಾಗಿತ್ತು. ನಾನು ಹೂಂ ಅಂದೆ.

ಈಗ ಸಂಜೆ ನಾಲ್ಕು. ಊಟಕ್ಕೆ ಕರೆದು ಕರೆದು ನಾನು ಬೈಯುವುದನ್ನು ತಾಳಲಾರದೆ ಆ ಟೈಮ್ ಇಟ್ಟಿದ್ದನೋ ಏನೋ. ಅದನ್ನು ಅಳಿಸಿದ್ದೇ ತಡ, ಕಂಪ್ಯೂಟರ್, ಹಿಂದೆ ತಮ್ಮ ಮಾಡುತ್ತಿದ್ದಂತೆಯೇ, ಊಟಕ್ಕೆ ಏಳದೆ ಕೆಲಸ ಮಾಡುತ್ತಾ ಕೂತಿದೆ.