ವರ್ಡೆಲ್ ಖಾಲಿ ಬಿಡುವ ಕಾಲಂ

ಅಲಬಾಮಾದ ಯಾವುದೇ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಬೇಲಿಗೊರಗಿ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ ನಿಂತ ಮುದುಕನೊಬ್ಬ ಕಂಡರೆ ಅವನು ವರ್ಡೆಲ್ ಹಗಿನ್ಸ್ ಎಂದೇ ತಿಳಿಯಿರಿ. ದುಡ್ಡಿಗಾಡುವ ದೊಡ್ಡ ತಂಡವೊಂದಕ್ಕೆ ಹುಡುಗರನ್ನು ಆರಿಸಿ, ಒಬ್ಬೊಬ್ಬರ ಬಗ್ಗೆಯೂ ವರದಿ ಬರೆದುಕೊಡುವುದು ಅವನ ಕಸುಬು. ಅದರಲ್ಲೂ ಆಟಗಾರರ ಸಾಲಿನ ಅಂಚಿನಿಂದ ನುಗ್ಗಿ ಎದುರು ತಂಡದ ಚೆಂಡೆಸೆಯುವವನನ್ನು ಕೆಡವುವ ಡಿಫೆನ್ಸಿವ್ ಎಂಡ್ ಹುಡುಗರೆಂದರೆ ಅವನಿಗೆ ಪ್ರಾಣ. ಯಾರು ಗೆದ್ದರೆಂಬುದು ಅವನಿಗೆ ಬೇಕಿಲ್ಲ. ನೆಲಕ್ಕೂರಿದ ಕೈಯೆತ್ತಿ ಹುಡುಗ ಇಡುವ ಮೊದಲ ಹೆಜ್ಜೆಯನ್ನಷ್ಟೇ ನೋಡುತ್ತಾನೆ. “ಮಿಕ್ಕಿದ್ದೆಲ್ಲ ಕಲಿಸ್ಬೋದು ಕಣಯ್ಯಾ, ಇದು ಹುಟ್ಟಿನಿಂದ್ಲೇ ಬರ್ಬೇಕು” ಎನ್ನುತ್ತಾನೆ. ಅಳತೆಪಟ್ಟಿಯನ್ನು ನಂಬದೆ ಹುಡುಗರ ಅಂಗೈಗೆ ತನ್ನ ಅಂಗೈ ಒತ್ತಿ ನೋಡುತ್ತಾನೆ. ತಂಡದ ಬಟ್ಟೆ ಒಗೆಯುವವಳನ್ನು ಹಿಡಿದು, ಯಾರ ಅಂಗಿಗೆ ಮಣ್ಣು ಹೆಚ್ಚೆಂದು ವಿಚಾರಿಸುತ್ತಾನೆ. ಇಷ್ಟೆಲ್ಲ ಮಾಡಿಯೂ ವರದಿಯ ‘ನೋವು ತಾಳುವ ಗುಣ’ ಎಂಬ ಕಾಲಂ ಮಾತ್ರ ಎಂಟು ವರ್ಷದಿಂದ ಖಾಲಿ. ಕಚೇರಿಯವರು ಬೈದರೆ, “ಮರ್ತೋಯ್ತು ಬಿಡ್ರಪ್ಪಾ” ಎಂದು ಹಲ್ಲು ಕಿರಿಯುತ್ತಾನೆ. ಮರೆತವನು ಬೇರೆಯೇ ಇದ್ದಾನೆ. ಹಿಂದೊಮ್ಮೆ ಆ ಕಾಲಂನಲ್ಲಿ ವರ್ಡೆಲ್, “ತಲೆ ಸುತ್ತಿದರೂ ಬಾಯಿಬಿಡುವವನಲ್ಲ, ಚಿನ್ನದಂಥ ಹುಡುಗ” ಎಂದು ಟೆರೆಲ್ ಬ್ರೌಡರ್‌ನನ್ನು ಹೊಗಳಿ ಬರೆದಿದ್ದ. ಆಟದಲ್ಲಿ ತಲೆಗೆ ಏಟು ತಿಂದೂ ತಿಂದೂ ಆ ಟೆರೆಲ್ ನಲವತ್ತಕ್ಕೇ ಹೆಂಡತಿಯ ಹೆಸರನ್ನೂ ಮರೆತು ಕೂತಿದ್ದಾನೆ. ಭಾನುವಾರ ಚರ್ಚು ಮುಗಿಸಿ ವರ್ಡೆಲ್ ಅವನ ಮನೆಗೆ ಹೋದರೆ, ಟೆರೆಲ್ ಕಂಡೊಡನೆ ನೆಲಕ್ಕೆ ಕೈಯೂರಿ ಬಗ್ಗಿ, ಒಂದು ಹೆಜ್ಜೆ ನುಗ್ಗಿ, “ಹೆಂಗಿತ್ತು ಸಾರ್? ನನ್ನ ತಗೋತೀರಾ?” ಎಂದು ಕೇಳುತ್ತಾನೆ. ಒಮ್ಮೆ ವರ್ಡೆಲ್ ‘ಬೇಡ ಮಗಾ’ ಎಂದದ್ದಕ್ಕೆ ಅವನು ದಿನವಿಡೀ ಅತ್ತನಂತೆ. ಅಂದಿನಿಂದ ವರ್ಡೆಲ್ ಪ್ರತಿ ಭಾನುವಾರವೂ, “ತಗೊಂಡೆ ಕಣೋ” ಎಂದು ಅವನನ್ನು ಮತ್ತೆ ಆರಿಸುತ್ತಾನೆ.